ಸಣ್ಣ ತೊರೆಗಳ ಫ್ಲೈ ರಾಡ್

ಸಣ್ಣ ತೊರೆಗಳ ಫ್ಲೈ ರಾಡ್ ಎಂಬುದು ಕಿರಿದಾದ ಹರಿನೀರಿನಲ್ಲಿ ಕೃತಕ ಕೀಟವನ್ನು ಒಡ್ಡಿ ಮೀನು ಹಿಡಿಯಲು ಬಳಸುವ ಗಿಡ್ಡನೆಯ, ಹಗುರವಾದ ಗಾಳದ ಕೋಲು. ಸಾಮಾನ್ಯವಾಗಿ ಇದರ ಉದ್ದ 6ರಿಂದ 8 ಅಡಿ (ಸುಮಾರು 1.8ರಿಂದ 2.4 ಮೀಟರ್) ಇರುತ್ತದೆ. 2, 3 ಅಥವಾ 4ನೆಯ ಸಂಖ್ಯೆಯ ಲೈನಿಗೆ ಹೊಂದುವಂತೆ ಇದನ್ನು ತಯಾರಿಸಲಾಗುತ್ತದೆ. ದೊಡ್ಡ ನದಿಗಳಲ್ಲಿ ಟ್ರೌಟ್ ಮೀನಿಗಾಗಿ ರೂಢಿಯಲ್ಲಿರುವ ಕೋಲು 9 ಅಡಿ ಉದ್ದವಿದ್ದು 5ನೆಯ ಸಂಖ್ಯೆಯ ಲೈನನ್ನು ಹೊರುವಂಥದು. ಅದರೊಡನೆ ಹೋಲಿಸಿದಾಗ ಸಣ್ಣ ತೊರೆಯ ಕೋಲು ಆಟಿಕೆಯಂತೆ ಕಂಡರೂ ಅದರ ರಚನೆಯ ಹಿಂದೆ ನಿರ್ದಿಷ್ಟ ಕಾರಣಗಳಿವೆ. ಇಂಥ ಕೋಲಿನ ಆಯ್ಕೆಯಲ್ಲಿ ಉದ್ದ ಮತ್ತು ತೂಕ ಮಾತ್ರವೇ ನಿರ್ಣಾಯಕವಲ್ಲ. ತೀರ ಹತ್ತಿರದ ಎಸೆತದಲ್ಲಿಯೂ ಕೋಲು ಬಾಗುತ್ತದೆಯೇ ಎಂಬುದು ಅವೆರಡಕ್ಕಿಂತ ಮುಖ್ಯವಾದುದು.

ಫ್ಲೈ ಫಿಶಿಂಗ್‌ನ ತತ್ತ್ವ

ಸಾಮಾನ್ಯ ಗಾಳದಲ್ಲಿ ಎರೆಹುಳು, ಸೀಸದ ಗುಂಡು ಮೊದಲಾದವುಗಳ ಭಾರವೇ ದಾರವನ್ನು ಮುಂದಕ್ಕೆ ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಹಾಗಲ್ಲ. ಇಲ್ಲಿ ಕೊಕ್ಕೆಯ ಮೇಲೆ ಗರಿ, ತುಪ್ಪಟ ಮತ್ತು ನೂಲುಗಳನ್ನು ಸುತ್ತಿ ನೊಣವನ್ನೋ ಹುಳುವನ್ನೋ ಹೋಲುವ ಕೃತಕ ಕೀಟವನ್ನು ಮಾಡಲಾಗುತ್ತದೆ. ಇದನ್ನೇ 'ಫ್ಲೈ' ಎನ್ನುತ್ತಾರೆ. ಇದಕ್ಕೆ ಹೇಳಿಕೊಳ್ಳುವಂಥ ಭಾರವಿಲ್ಲ. ಕೈಯಿಂದ ಎಸೆದರೆ ಕಾಲ ಬುಡದಲ್ಲಿಯೇ ಬೀಳುತ್ತದೆ. ಆದುದರಿಂದ ಭಾರವನ್ನು ಲೈನಿನಲ್ಲಿಯೇ ಇರಿಸಲಾಗಿದೆ. ದಪ್ಪನಾದ, ಮೇಲ್ಲೇಪವುಳ್ಳ ಲೈನನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ ಅದರ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗುತ್ತದೆ. ಬೀಸು ನಿಂತೊಡನೆ ಕೋಲು ನೆಟ್ಟಗಾಗಿ ಲೈನನ್ನು ಚಿಮ್ಮಿಸುತ್ತದೆ. ಲೈನಿನ ತುದಿಗೆ ಕಟ್ಟಿದ, ಕ್ರಮೇಣ ಸಪುರವಾಗುವ ಪಾರದರ್ಶಕ ಎಳೆಯನ್ನು 'ಲೀಡರ್' ಎನ್ನುತ್ತಾರೆ. ಅದು ಬಿಚ್ಚಿಕೊಂಡು ಕೃತಕ ಕೀಟವನ್ನು ನೀರಿನ ಮೇಲೆ ಮೆಲ್ಲನೆ ಇಳಿಸುತ್ತದೆ.

ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಕೋಲು ಬಾಗದೆ ಎಸೆತವಿಲ್ಲ. ಹೊರಗೆ ಸಾಕಷ್ಟು ಲೈನ್ ಇಲ್ಲದೆ ಕೋಲು ಬಾಗುವುದಿಲ್ಲ. ಸಣ್ಣ ತೊರೆಯ ಸಮಸ್ಯೆಯೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಸಣ್ಣ ತೊರೆಯ ಸ್ವರೂಪ

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಭಾಗದಲ್ಲಿರುವ ಅಪಲೇಚಿಯನ್ ಪರ್ವತಶ್ರೇಣಿಯ ತೊರೆಗಳು ಈ ಬಗೆಯ ಕೋಲಿಗೆ ಒಳ್ಳೆಯ ನಿದರ್ಶನ. ಟೆನೆಸಿ ಮತ್ತು ಉತ್ತರ ಕೆರೊಲಿನ ರಾಜ್ಯಗಳ ಗಡಿಯಲ್ಲಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ ಹಾಗೂ ವರ್ಜೀನಿಯದ ಶೆನಂಡೋವ ರಾಷ್ಟ್ರೀಯ ಉದ್ಯಾನಗಳಲ್ಲಿ ಇಂಥ ನೂರಾರು ಹರಿವುಗಳಿವೆ. ಬಂಡೆಯಿಂದ ಬಂಡೆಗೆ ಧುಮುಕುವ ತಣ್ಣನೆಯ ನೀರು, ನಡುನಡುವೆ ಕೋಣೆಯಷ್ಟು ಅಗಲದ ಮಡುಗಳು, ಎರಡೂ ದಡಗಳಲ್ಲಿ ಒತ್ತಾಗಿ ಬೆಳೆದ ರೋಡೊಡೆಂಡ್ರನ್ ಪೊದೆಗಳು ಇವುಗಳ ಲಕ್ಷಣ. ಅನೇಕ ಕಡೆ ಕೊಂಬೆಗಳು ತೊರೆಯ ಮೇಲೆ ಹೆಣೆದುಕೊಂಡು ಸುರಂಗದಂತಾಗಿರುತ್ತವೆ.

ಈ ತೊರೆಗಳ ಮುಖ್ಯ ಮೀನು ಬ್ರೂಕ್ ಟ್ರೌಟ್. ಇದರ ವೈಜ್ಞಾನಿಕ ಹೆಸರು ಸಾಲ್ವೆಲಿನಸ್ ಫಾಂಟಿನಾಲಿಸ್. ಹೆಸರಿನಲ್ಲಿ ಟ್ರೌಟ್ ಎಂದಿದ್ದರೂ ಇದು ಚಾರ್ ಎಂಬ ಸೋದರ ಗುಂಪಿಗೆ ಸೇರಿದ್ದು. ದಕ್ಷಿಣ ಅಪಲೇಚಿಯನ್ ಪ್ರದೇಶಕ್ಕೆ ಮೂಲತಃ ಸೇರಿದ ಟ್ರೌಟ್ ಜಾತಿಯ ಮೀನು ಇದೊಂದೇ. ಎತ್ತರದ ತೊರೆಗಳಲ್ಲಿ ಇದು ಬಹುಮಟ್ಟಿಗೆ ಗೇಣುದ್ದವಷ್ಟೇ ಬೆಳೆಯುತ್ತದೆ. ಸ್ವಚ್ಛ ನೀರಿನಲ್ಲಿ ಮನುಷ್ಯನ ನೆರಳು ಬಿದ್ದರೂ ಬೆದರಿ ಬಂಡೆಯಡಿ ಸೇರುತ್ತದೆ. ಆದುದರಿಂದ ಮೀನುಗಾರನು ಮೊಣಕಾಲೂರಿ ಇಲ್ಲವೇ ಬಂಡೆಯ ಮರೆಯಲ್ಲಿ ಬಾಗಿ, ಕೆಳಗಿನಿಂದ ಮೇಲ್ದಿಕ್ಕಿಗೆ ಸಾಗುತ್ತಾ, ಐದಾರು ಮೀಟರ್ ದೂರಕ್ಕೆ ಮಾತ್ರ ಎಸೆಯುತ್ತಾನೆ. ಹಿಂದೆ ಲೈನ್ ಬೀಸಲು ತೆರಪಿರುವುದಿಲ್ಲ. ತಲೆಯ ಮೇಲೂ ತೆರಪಿರುವುದಿಲ್ಲ.

ಉದ್ದದ ಆಯ್ಕೆ

ಕೋಲಿನ ಉದ್ದವನ್ನು ಮೀನಿನ ಗಾತ್ರಕ್ಕಿಂತ ತೊರೆಯ ಮೇಲಿನ ತೆರಪನ್ನು ನೋಡಿ ನಿರ್ಧರಿಸಬೇಕು. ಕೊಂಬೆಗಳು ಸುರಂಗದಂತೆ ಕವಿದಿರುವ ಕಡೆ 6ರಿಂದ 7 ಅಡಿಯ ಕೋಲು ಅನುಕೂಲ. ಅದರ ತುದಿ ಚಿಕ್ಕ ವರ್ತುಲದಲ್ಲಿ ಸುತ್ತುವುದರಿಂದ ಎಲೆಗಳಿಗೆ ತಗುಲುವುದು ಕಡಿಮೆ. ಪೊದೆಗಳ ನಡುವೆ ನಡೆಯುವಾಗ ಹೊತ್ತೊಯ್ಯುವುದೂ ಸುಲಭ. ದಡಗಳು ಸ್ವಲ್ಪ ತೆರೆದಿದ್ದು ಅಲ್ಲಲ್ಲಿ ಮಾತ್ರ ಮರಗಳಿರುವ ತೊರೆಗೆ 7½ರಿಂದ 8 ಅಡಿ ಒಪ್ಪುತ್ತದೆ. ಹುಲ್ಲುಗಾವಲಿನ ನಡುವೆ ಹರಿಯುವ ತೊರೆ ಎಷ್ಟೇ ಕಿರಿದಾಗಿದ್ದರೂ ಅದಕ್ಕೆ ಗಿಡ್ಡ ಕೋಲು ಬೇಕಾಗುವುದಿಲ್ಲ. ಅಲ್ಲಿ 8½ ಅಡಿಯ ಹಗುರ ಕೋಲಿನಿಂದ ದಡದ ಎತ್ತರದ ಹುಲ್ಲಿಗೆ ಲೈನ್ ಸಿಕ್ಕದಂತೆ ಎತ್ತಿ ಹಿಡಿಯಬಹುದು.

ಒಂದೇ ಕೋಲನ್ನು ಕೊಳ್ಳುವವರಿಗೆ, ಎಲ್ಲ ಬಗೆಯ ಸಣ್ಣ ತೊರೆಗಳಿಗೂ ಸಾಮಾನ್ಯವಾಗಿ ಸಲ್ಲುವುದು 7ರಿಂದ 7½ ಅಡಿಯದು. 6 ಅಡಿಗಿಂತ ಗಿಡ್ಡದಾದ ಕೋಲುಗಳೂ ಇವೆ. ಆದರೆ ಅವುಗಳಿಂದ ನೀರಿನ ಮೇಲಿನ ಲೈನನ್ನು ನಿಯಂತ್ರಿಸುವುದು ಕಷ್ಟವಾದ್ದರಿಂದ ಹೊಸಬರಿಗೆ ಅವು ತಕ್ಕವಲ್ಲ.

ಲೈನಿನ ಸಂಖ್ಯೆ

ಪ್ರತಿ ಫ್ಲೈ ರಾಡಿನ ಹಿಡಿಯ ಮೇಲ್ಭಾಗದಲ್ಲಿ ಅದರ ಉದ್ದವನ್ನೂ ಅದಕ್ಕೆ ಹೊಂದುವ ಲೈನಿನ ಸಂಖ್ಯೆಯನ್ನೂ ಬರೆದಿರುತ್ತದೆ. ಈ ಸಂಖ್ಯೆ ಕೋಲಿನ ತೂಕವನ್ನು ಸೂಚಿಸುವುದಿಲ್ಲ. 1960ರ ಸುಮಾರಿಗೆ ಅಮೆರಿಕದ ಮೀನುಗಾರಿಕೆ ಸಲಕರಣೆ ತಯಾರಕರ ಸಂಘವು ಲೈನಿನ ಮೊದಲ 30 ಅಡಿಗಳ (9.1 ಮೀಟರ್) ತೂಕವನ್ನು ಆಧರಿಸಿ ಈ ಮಾನದಂಡವನ್ನು ರೂಪಿಸಿತು. ತೂಕವನ್ನು ಗ್ರೇನ್ ಎಂಬ ಹಳೆಯ ಮಾನದಲ್ಲಿ ಹೇಳಲಾಗುತ್ತದೆ. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ.

- 1ನೆಯ ಸಂಖ್ಯೆ: 60 ಗ್ರೇನ್ (3.9 ಗ್ರಾಂ)
- 2ನೆಯ ಸಂಖ್ಯೆ: 80 ಗ್ರೇನ್ (5.2 ಗ್ರಾಂ)
- 3ನೆಯ ಸಂಖ್ಯೆ: 100 ಗ್ರೇನ್ (6.5 ಗ್ರಾಂ)
- 4ನೆಯ ಸಂಖ್ಯೆ: 120 ಗ್ರೇನ್ (7.8 ಗ್ರಾಂ)
- 5ನೆಯ ಸಂಖ್ಯೆ: 140 ಗ್ರೇನ್ (9.1 ಗ್ರಾಂ)
- 6ನೆಯ ಸಂಖ್ಯೆ: 160 ಗ್ರೇನ್ (10.4 ಗ್ರಾಂ)

ಈ ಪಟ್ಟಿಯನ್ನು ಓದುವಾಗ ಒಂದು ಸಂಗತಿಯನ್ನು ನೆನಪಿಡಬೇಕು. 30 ಅಡಿ ಲೈನ್ ಹೊರಗಿರುವಾಗ ಕೋಲು ತಕ್ಕಷ್ಟು ಬಾಗುತ್ತದೆ ಎಂಬುದು ಈ ಲೆಕ್ಕದ ಆಧಾರ. ಸಣ್ಣ ತೊರೆಯಲ್ಲಿ ಅಷ್ಟು ಲೈನ್ ಹೊರಬರುವುದೇ ಇಲ್ಲ. ಉದಾಹರಣೆಗೆ ಮೀನು 6 ಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಮುಂದಕ್ಕೆ ಚಾಚಿದ 7 ಅಡಿಯ ಕೋಲು ಅದರಲ್ಲಿ 2.1 ಮೀಟರನ್ನು ಆವರಿಸುತ್ತದೆ. 7 ಅಡಿಯ ಲೀಡರ್ ಇನ್ನು 2.1 ಮೀಟರನ್ನು ಆವರಿಸುತ್ತದೆ. ಉಳಿಯುವುದು 1.8 ಮೀಟರ್ ಮಾತ್ರ. ಅಂದರೆ ಕೋಲಿನ ತುದಿಯಿಂದಾಚೆ ಇರುವ ಲೈನ್ ಎರಡು ಮೀಟರಿಗಿಂತಲೂ ಕಡಿಮೆ. ಅದೂ ಲೈನಿನ ಸಪುರವಾದ ಮುಂಭಾಗವಾದ್ದರಿಂದ ಅದರ ಭಾರ ಒಂದು ಗ್ರಾಂನಷ್ಟು ಕೂಡ ಇರುವುದು ಅನುಮಾನ.

ಇದಕ್ಕೆ ರೂಢಿಯಲ್ಲಿ ಮೂರು ಪರಿಹಾರಗಳಿವೆ. ಕೋಲಿನ ಮೇಲೆ ಬರೆದಿರುವುದಕ್ಕಿಂತ ಒಂದು ಸಂಖ್ಯೆ ಹೆಚ್ಚಿನ ಲೈನನ್ನು, ಅಂದರೆ 3ನೆಯ ಸಂಖ್ಯೆಯ ಕೋಲಿಗೆ 4ನೆಯ ಸಂಖ್ಯೆಯ ಲೈನನ್ನು ಹಾಕುವುದು ಒಂದು. ಮುಂಭಾಗದಲ್ಲಿಯೇ ಭಾರವನ್ನು ಹೆಚ್ಚಿಸಿದ ಲೈನನ್ನು ಬಳಸುವುದು ಎರಡನೆಯದು. ಅಲ್ಪ ಭಾರಕ್ಕೂ ಬಾಗುವಂಥ ಮೆದುವಾದ ಕೋಲನ್ನು ಆರಿಸುವುದು ಮೂರನೆಯದು. ಈ ಮೂರರಲ್ಲಿ ಕೊನೆಯದೇ ಮೂಲ ಪರಿಹಾರ, ಮೊದಲೆರಡು ಹೊಂದಾಣಿಕೆಗಳು.

ಬಾಗುವಿಕೆ

ಕೋಲು ಎಲ್ಲಿಂದ ಎಲ್ಲಿಯವರೆಗೆ ಬಾಗುತ್ತದೆ ಮತ್ತು ಎಷ್ಟು ಬೇಗ ನೆಟ್ಟಗಾಗುತ್ತದೆ ಎಂಬುದನ್ನು ಅದರ 'ಆಕ್ಷನ್' ಎನ್ನುತ್ತಾರೆ. ಇದರಲ್ಲಿ ಸ್ಥೂಲವಾಗಿ ಮೂರು ಬಗೆಗಳಿವೆ. ತುದಿಭಾಗ ಮಾತ್ರ ಬಾಗಿ ಥಟ್ಟನೆ ನೆಟ್ಟಗಾಗುವುದು ವೇಗದ ಬಗೆ. ನಡುಭಾಗದವರೆಗೆ ಬಾಗುವುದು ಮಧ್ಯಮ ಬಗೆ. ಹಿಡಿಯ ಸಮೀಪದವರೆಗೂ ಬಾಗಿ ನಿಧಾನವಾಗಿ ಏಳುವುದು ಮಂದ ಬಗೆ.

ವೇಗದ ಕೋಲು ದೂರದ ಎಸೆತಕ್ಕೂ ಗಾಳಿಯ ವಿರುದ್ಧದ ಎಸೆತಕ್ಕೂ ಒಳ್ಳೆಯದು. ಅಂಗಡಿಯ ಮುಂದಿನ ಬಯಲಿನಲ್ಲಿ ಪರೀಕ್ಷಿಸುವಾಗ ಅದೇ ಉತ್ತಮವೆನಿಸುವುದು ಸಹಜ. ಅದೇ ಕೋಲನ್ನು ತೊರೆಗೆ ಒಯ್ದು ಎರಡು ಮೀಟರ್ ಲೈನ್ ಬಿಟ್ಟು ಬೀಸಿದರೆ ಅದು ಒಣ ಕಡ್ಡಿಯಂತೆ ನಿಂತಿರುತ್ತದೆ. ಎಸೆತದ ಕೆಲಸವೆಲ್ಲ ತೋಳಿನ ಮೇಲೆ ಬೀಳುತ್ತದೆ. ಮಧ್ಯಮ ಅಥವಾ ಮಂದ ಬಗೆಯ ಕೋಲು ಲೀಡರ್ ಮತ್ತು ಅಲ್ಪ ಲೈನಿಗೂ ಸ್ಪಂದಿಸುತ್ತದೆ. ಅದರ ಇನ್ನೊಂದು ಉಪಕಾರವೆಂದರೆ, ಮೀನು ಕಚ್ಚಿದಾಗ ಉಂಟಾಗುವ ಜಗ್ಗನ್ನು ಅದು ತಾನೇ ತಾಳಿಕೊಂಡು ಸಪುರವಾದ ಎಳೆ ಕಡಿಯದಂತೆ ನೋಡಿಕೊಳ್ಳುತ್ತದೆ. ಹೀಗಾಗಿ ಕೋಲನ್ನು ಕೊಳ್ಳುವ ಮುನ್ನ ಅದನ್ನು ಐದಾರು ಮೀಟರ್ ದೂರದ ಗುರಿಗೆ ಎಸೆದು ನೋಡುವುದು ಸರಿಯಾದ ಪರೀಕ್ಷೆ. ದೂರ ಎಸೆದು ನೋಡುವುದರಿಂದ ತಿಳಿಯುವುದು ಅಲ್ಪ.

ವಸ್ತು ಮತ್ತು ಇತಿಹಾಸ

ಫ್ಲೈ ರಾಡುಗಳನ್ನು ಇಂದು ಮುಖ್ಯವಾಗಿ ಮೂರು ವಸ್ತುಗಳಿಂದ ತಯಾರಿಸಲಾಗುತ್ತದೆ.

ಬಿದಿರು: ಬಿದಿರನ್ನು ಉದ್ದಕ್ಕೆ ಸೀಳಿ, ತ್ರಿಕೋನಾಕಾರವಾಗಿ ಹೆರೆದ ಪಟ್ಟಿಗಳನ್ನು ಅಂಟಿಸಿ ಷಟ್ಕೋನಾಕಾರದ ಕೋಲನ್ನು ಮಾಡುವ ವಿದ್ಯೆ 19ನೆಯ ಶತಮಾನದಲ್ಲಿ ಅಮೆರಿಕದಲ್ಲಿ ಬೆಳೆಯಿತು. ಪೆನ್ಸಿಲ್ವೇನಿಯದ ಈಸ್ಟನ್ ಪಟ್ಟಣದ ಬಂದೂಕು ತಯಾರಕ ಸ್ಯಾಮ್ಯುಯೆಲ್ ಫಿಲಿಪ್ ಈ ಕ್ಷೇತ್ರದ ಆದ್ಯರಲ್ಲೊಬ್ಬ. ಮೇಯ್ನ್ ರಾಜ್ಯದ ಬ್ಯಾಂಗರಿನ ಹೈರಮ್ ಲೆನಾರ್ಡ್ ಆರು ಪಟ್ಟಿಗಳ ಕೋಲನ್ನು ಪ್ರಸಿದ್ಧಿಗೆ ತಂದನು. ಮುಂದೆ ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಬೆಳೆಯುವ, 'ಟಾಂಕಿನ್' ಎಂಬ ವ್ಯಾಪಾರನಾಮದ ಬಿದಿರು ಈ ಕೆಲಸಕ್ಕೆ ಶ್ರೇಷ್ಠವೆನಿಸಿತು. ಬಿದಿರಿನ ಕೋಲಿಗೆ ತನ್ನದೇ ಆದ ತೂಕವಿರುವುದರಿಂದ ಹೊರಗೆ ಲೈನ್ ಇಲ್ಲದಿದ್ದರೂ ಸ್ವಲ್ಪ ಬಾಗುತ್ತದೆ. ಉದ್ದವಾದರೆ ಕೈಗೆ ಭಾರವೆನಿಸುವ ಈ ವಸ್ತು ಗಿಡ್ಡ ಕೋಲಿನಲ್ಲಿ ಹಿತವಾಗಿರುತ್ತದೆ. ಕೈಯಿಂದ ಮಾಡಬೇಕಾದ್ದರಿಂದ ಬೆಲೆ ಹೆಚ್ಚು. ಒದ್ದೆಯಾದ ಕೋಲನ್ನು ಒರೆಸದೆ ಚೀಲದಲ್ಲಿ ಇಡುವಂತಿಲ್ಲ.

ಗಾಜಿನ ನಾರು: ಎರಡನೆಯ ಮಹಾಯುದ್ಧದ ಬಳಿಕ ಫೈಬರ್‌ಗ್ಲಾಸ್ ಕೋಲುಗಳು ಮಾರುಕಟ್ಟೆಗೆ ಬಂದವು. 1950ರಲ್ಲಿ ಅಮೆರಿಕವು ಚೀನಾದೊಡನೆ ವ್ಯಾಪಾರವನ್ನು ನಿಷೇಧಿಸಿದಾಗ ಟಾಂಕಿನ್ ಬಿದಿರಿನ ಪೂರೈಕೆ ನಿಂತು, ಗಾಜಿನ ನಾರಿನ ಕೋಲುಗಳ ಬಳಕೆ ಬಹಳ ಹೆಚ್ಚಿತು. ಇವು ಮೆದುವಾಗಿ ಬಾಗುತ್ತವೆ, ಬೇಗ ಮುರಿಯುವುದಿಲ್ಲ, ಬೆಲೆಯೂ ಮಿತವಾಗಿರುತ್ತದೆ. ದೂರದ ಎಸೆತದಲ್ಲಿ ಹಿಂದೆ ಬಿದ್ದರೂ ಸಣ್ಣ ತೊರೆಯಲ್ಲಿ ಇವಕ್ಕೆ ಇಂದಿಗೂ ಮನ್ನಣೆಯಿದೆ.

ಗ್ರಾಫೈಟ್: ಇಂಗಾಲದ ನಾರಿನಿಂದ ಮಾಡಿದ ಈ ಕೋಲುಗಳು 1970ರ ದಶಕದಲ್ಲಿ ಬಳಕೆಗೆ ಬಂದವು. ಸಮಾನ ಬಲಕ್ಕೆ ಹೋಲಿಸಿದಾಗ ಇವು ಅತ್ಯಂತ ಹಗುರ. 7 ಅಡಿಯ ಕೋಲು ಸುಮಾರು 60ರಿಂದ 80 ಗ್ರಾಂ ಮಾತ್ರ ತೂಗುತ್ತದೆ. ನಾಲ್ಕು ತುಂಡುಗಳಾಗಿ ಬಿಚ್ಚುವ ಕೋಲು ಮೊಳಕ್ಕಿಂತ ತುಸು ಉದ್ದದ ಕೊಳವೆಯಲ್ಲಿ ಹಿಡಿಸುತ್ತದೆ. ಗ್ರಾಫೈಟ್ ಎಂದೊಡನೆ ವೇಗದ ಕೋಲೆಂದು ಭಾವಿಸಬೇಕಿಲ್ಲ. ಮಧ್ಯಮ ಬಗೆಯವೂ ದೊರೆಯುತ್ತವೆ.

ಗಿಡ್ಡ ಕೋಲಿನ ಪರವಾಗಿ ವಾದಿಸಿದವರಲ್ಲಿ ಅಮೆರಿಕದ ಲೀ ವುಲ್ಫ್ (1905–1991) ಪ್ರಮುಖನು. ಆತನು 6 ಅಡಿಯ ಬಿದಿರಿನ ಕೋಲಿನಿಂದ ಅಟ್ಲಾಂಟಿಕ್ ಸಾಲ್ಮನ್‌ನಂಥ ದೊಡ್ಡ ಮೀನುಗಳನ್ನು ಹಿಡಿದು ತೋರಿಸಿದನು. ಅದು ನುರಿತ ಕೈಯ ಸಾಧನೆ. ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ.

ಜೊತೆಯ ಸಾಮಗ್ರಿ

ರೀಲ್: ಸಣ್ಣ ತೊರೆಯಲ್ಲಿ ಮೀನು ದೂರ ಓಡುವುದಿಲ್ಲ. ಆದುದರಿಂದ ರೀಲ್ ಇಲ್ಲಿ ಲೈನನ್ನು ಸುತ್ತಿಡುವ ಸಾಧನವಷ್ಟೆ. ಚಿಕ್ಕದಾದ, ಸರಳವಾದ ರೀಲ್ ಸಾಕು. ತೀರ ಭಾರವಾದುದನ್ನು ಜೋಡಿಸಿದರೆ ಗಿಡ್ಡ ಕೋಲಿನ ಸಮತೋಲ ಕೆಡುತ್ತದೆ.

ಲೈನ್: ನೀರಿನ ಮೇಲೆ ತೇಲುವ ಲೈನ್ ಬೇಕು. ಎರಡೂ ತುದಿಗಳಲ್ಲಿ ಸಪುರವಾಗುವ 'ಡಬಲ್ ಟೇಪರ್' ಲೈನಿನ ಒಂದು ತುದಿ ಸವೆದಾಗ ತಿರುಗಿಸಿ ಇನ್ನೊಂದು ತುದಿಯನ್ನು ಬಳಸಬಹುದು. ಹತ್ತಿರದ ಎಸೆತಕ್ಕೆ ಇದು ಚೆನ್ನಾಗಿ ಒದಗುತ್ತದೆ.

ಲೀಡರ್: 6ರಿಂದ 7½ ಅಡಿ ಉದ್ದದ್ದು ರೂಢಿ. ಅದರ ತುದಿಯ ಎಳೆಯ ದಪ್ಪವನ್ನು 'ಎಕ್ಸ್' ಸಂಖ್ಯೆಯಿಂದ ಹೇಳುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಎಳೆ ಸಪುರ. 4 ಎಕ್ಸ್ ಎಂದರೆ ಸುಮಾರು 0.18 ಮಿಲಿಮೀಟರ್, 5 ಎಕ್ಸ್ ಎಂದರೆ 0.15 ಮಿಲಿಮೀಟರ್. ಕೊಂಬೆಗಳಿಗೆ ಸಿಕ್ಕಿಕೊಳ್ಳುವ ಸಂಭವ ಹೆಚ್ಚಿರುವ ಕಡೆ ಇವೆರಡೂ ಸಾಕು. ಇನ್ನೂ ಸಪುರವಾದುದು ಬೇಕಿಲ್ಲ.

ಎಸೆತದ ವಿಧಾನಗಳು

ತಲೆಯ ಮೇಲಿನಿಂದ ಹಿಂದೆಮುಂದೆ ಬೀಸುವ ಸಾಮಾನ್ಯ ಎಸೆತಕ್ಕೆ ಸಣ್ಣ ತೊರೆಯಲ್ಲಿ ಅವಕಾಶ ಕಡಿಮೆ. ಆದ್ದರಿಂದ ಬೇರೆ ಎಸೆತಗಳು ಬಳಕೆಯಲ್ಲಿವೆ.

- ಬಿಲ್ಲುಬಾಣದ ಎಸೆತ: ಕೃತಕ ಕೀಟದ ಕೊಕ್ಕೆಯ ಬಾಗನ್ನು ಎರಡು ಬೆರಳುಗಳಲ್ಲಿ ಎಚ್ಚರದಿಂದ ಹಿಡಿದು ಹಿಂದಕ್ಕೆ ಎಳೆದು, ಕೋಲನ್ನು ಬಿಲ್ಲಿನಂತೆ ಬಾಗಿಸಿ ಬಿಡುವುದು. ಇದಕ್ಕೆ ಹಿಂದಿನ ತೆರಪು ಸ್ವಲ್ಪವೂ ಬೇಕಿಲ್ಲ. ಮೆದುವಾದ ಕೋಲು ಇದಕ್ಕೆ ಅವಶ್ಯ.
- ಉರುಳು ಎಸೆತ: ಲೈನನ್ನು ಹಿಂದಕ್ಕೆ ಬೀಸದೆ, ನೀರಿನ ಮೇಲೆ ನಿಧಾನವಾಗಿ ಎಳೆದುಕೊಂಡು ಗಾಲಿಯಂತೆ ಮುಂದಕ್ಕೆ ಉರುಳಿಸುವುದು. ಗಿಡ್ಡ ಕೋಲಿಗಿಂತ ಉದ್ದ ಕೋಲಿನಲ್ಲಿ ಇದು ಸುಲಭ.
- ಪಕ್ಕದ ಎಸೆತ: ಕೋಲನ್ನು ನೀರಿಗೆ ಸಮಾಂತರವಾಗಿ ಹಿಡಿದು, ಕೊಂಬೆಗಳ ಅಡಿಯಿಂದ ಲೈನನ್ನು ತೂರಿಸುವುದು.

ಉದ್ದ ಕೋಲಿನ ಪಕ್ಷ

ಸಣ್ಣ ತೊರೆಗೆ ಗಿಡ್ಡ ಕೋಲೇ ಬೇಕೆಂಬ ಅಭಿಪ್ರಾಯವನ್ನು ಎಲ್ಲರೂ ಒಪ್ಪುವುದಿಲ್ಲ. ಬೆಟ್ಟದ ತೊರೆಯಲ್ಲಿ ಒಂದು ಅಡಿಯ ಅಂತರದಲ್ಲಿಯೇ ನೀರಿನ ವೇಗ ಬದಲಾಗುತ್ತದೆ. ನಡುವಿನ ಸೆಳವಿಗೆ ಲೈನ್ ಸಿಕ್ಕಿದರೆ ಆಚೆಯ ನಿಶ್ಚಲ ನೀರಿನಲ್ಲಿರುವ ಕೃತಕ ಕೀಟ ಸರ್ರನೆ ಎಳೆದುಕೊಂಡು ಹೋಗುತ್ತದೆ. ನಿಜವಾದ ಕೀಟ ಹಾಗೆ ಚಲಿಸುವುದಿಲ್ಲವಾದ್ದರಿಂದ ಮೀನು ಅದನ್ನು ಮುಟ್ಟುವುದಿಲ್ಲ. ಉದ್ದ ಕೋಲಿದ್ದರೆ ಸೆಳವಿನ ಮೇಲೆ ಲೈನನ್ನು ಎತ್ತಿ ಹಿಡಿದು, ಲೀಡರಿನ ತುದಿ ಮಾತ್ರ ನೀರಿಗೆ ತಾಗುವಂತೆ ಮಾಡಬಹುದು.

ಜಪಾನಿನ 'ತೆಂಕರಾ' ಪದ್ಧತಿ ಈ ವಾದಕ್ಕೆ ಬಲವಾದ ಆಧಾರ. ಅಲ್ಲಿನ ಬೆಟ್ಟದ ತೊರೆಗಳಲ್ಲಿ ಸುಮಾರು 3ರಿಂದ 4 ಮೀಟರ್ ಉದ್ದದ, ರೀಲ್ ಇಲ್ಲದ ಹಗುರ ಕೋಲಿನ ತುದಿಗೇ ನೇರವಾಗಿ ದಾರವನ್ನು ಕಟ್ಟಿ ಮೀನು ಹಿಡಿಯುತ್ತಾರೆ. ತೊರೆಯ ಮೇಲ್ಭಾಗ ತೆರೆದಿರುವ ಕಡೆ ಈ ಪದ್ಧತಿಗೆ ಸಾಟಿಯಿಲ್ಲ. ಕೊಂಬೆಗಳು ತಗ್ಗಾಗಿ ಕವಿದಿರುವ ಕಡೆ ಅದೇ ಕೋಲನ್ನು ಎತ್ತಲೂ ಆಗುವುದಿಲ್ಲ. ಹೀಗೆ ಎರಡೂ ಪಕ್ಷಗಳು ತಮ್ಮ ತಮ್ಮ ತೊರೆಯ ಮಟ್ಟಿಗೆ ಸರಿಯಾಗಿವೆ.

ಮೀನಿನ ಹಿತ

ಕೋಲು ಹಗುರವಾದಷ್ಟೂ ಉತ್ತಮವೆಂಬ ನಂಬಿಕೆಗೆ ಮಿತಿಯಿದೆ. ಬಹಳ ಮೆದುವಾದ ಕೋಲಿನಿಂದ ಬಲಿಷ್ಠ ಮೀನನ್ನು ಹಿಡಿದರೆ ಅದನ್ನು ಸಮೀಪಕ್ಕೆ ತರಲು ಹೆಚ್ಚು ಹೊತ್ತು ಬೇಕಾಗುತ್ತದೆ. ಅಷ್ಟರಲ್ಲಿ ಮೀನು ಪೂರ್ತಿಯಾಗಿ ಬಳಲುತ್ತದೆ. ನೀರಿಗೆ ಮರಳಿ ಬಿಟ್ಟರೂ ಬದುಕದೆ ಹೋಗಬಹುದು. ನೀರು ಬೆಚ್ಚಗಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದರಿಂದ ಈ ಅಪಾಯ ಬೇಸಗೆಯಲ್ಲಿ ಹೆಚ್ಚು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಟ್ರೌಟ್ ಹಿಡಿಯುವುದನ್ನು ನಿಲ್ಲಿಸುವುದು ವಿವೇಕ. ಗೇಣುದ್ದದ ಮೀನುಗಳ ತೊರೆಗೆ 2 ಅಥವಾ 3ನೆಯ ಸಂಖ್ಯೆಯ ಕೋಲು ತಕ್ಕುದು. ಮೊಳದುದ್ದದ ಮೀನು ಸಿಗುವ ಸಂಭವವಿದ್ದರೆ 4ನೆಯ ಸಂಖ್ಯೆಯದನ್ನು ಆರಿಸಬೇಕು.

ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುವುದು, ಕೈಯನ್ನು ಒದ್ದೆ ಮಾಡಿಕೊಂಡೇ ಮೀನನ್ನು ಮುಟ್ಟುವುದು, ಸಾಧ್ಯವಾದಷ್ಟೂ ಅದನ್ನು ನೀರಿನಲ್ಲಿಯೇ ಇರಿಸಿ ಬಿಡಿಸುವುದು ಇವು ಪಾಲಿಸಬೇಕಾದ ಕ್ರಮಗಳು. ಒಣಗಿದ ಕೈ ತಗುಲಿದರೆ ಮೀನಿನ ಮೈಮೇಲಿನ ರಕ್ಷಕ ಲೋಳೆ ಕಳಚಿಹೋಗುತ್ತದೆ. ಬ್ರೂಕ್ ಟ್ರೌಟ್ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಕಾಡು ಕಡಿತದಿಂದಲೂ, ಹೊರಗಿನಿಂದ ತಂದು ಬಿಟ್ಟ ರೇನ್‌ಬೋ ಟ್ರೌಟ್‌ಗಳ ಪೈಪೋಟಿಯಿಂದಲೂ ಅದು ದಕ್ಷಿಣ ಅಪಲೇಚಿಯನ್ನಿನ ಎಷ್ಟೋ ತೊರೆಗಳಿಂದ ಮರೆಯಾಗಿ, ಈಗ ಹೆಚ್ಚಾಗಿ ಎತ್ತರದ ಸಣ್ಣ ಹರಿವುಗಳಲ್ಲಿ ಮಾತ್ರ ಉಳಿದಿದೆ.

ಆಯ್ಕೆಯ ಕ್ರಮ

ಕೋಲನ್ನು ಆರಿಸುವಾಗ ಕೆಳಗಿನ ಕ್ರಮದಲ್ಲಿ ಆಲೋಚಿಸುವುದು ಅನುಕೂಲಕರ.

1. ತೊರೆಯ ಮೇಲಿನ ಮತ್ತು ದಡಗಳ ತೆರಪನ್ನು ನೋಡಿ ಉದ್ದವನ್ನು ನಿರ್ಧರಿಸುವುದು.
2. ಅಲ್ಲಿ ಸಿಗಬಹುದಾದ ಅತಿ ದೊಡ್ಡ ಮೀನಿನ ಗಾತ್ರವನ್ನು ಅನುಸರಿಸಿ ಲೈನಿನ ಸಂಖ್ಯೆಯನ್ನು ನಿಶ್ಚಯಿಸುವುದು.
3. ಐದಾರು ಮೀಟರ್ ದೂರಕ್ಕೆ ಎಸೆದು ಕೋಲಿನ ಬಾಗುವಿಕೆಯನ್ನು ಪರೀಕ್ಷಿಸುವುದು.
4. ಕೊನೆಯಲ್ಲಿ ವಸ್ತು, ಬೆಲೆ ಮತ್ತು ಒಯ್ಯುವ ಅನುಕೂಲವನ್ನು ಪರಿಗಣಿಸುವುದು.

ಭಾರತದಲ್ಲಿ

ಟ್ರೌಟ್ ಭಾರತದ ಮೂಲ ಮೀನಲ್ಲ. 1900ರ ಸುಮಾರಿಗೆ ಬ್ರೌನ್ ಟ್ರೌಟ್‌ನ್ನು ಬ್ರಿಟನ್ನಿನಿಂದ ಕಾಶ್ಮೀರಕ್ಕೆ ತರಲಾಯಿತು. ಮುಂದೆ ಹಿಮಾಚಲ ಪ್ರದೇಶದ ಹೊಳೆಗಳಲ್ಲಿಯೂ ನೀಲಗಿರಿಯ ಎತ್ತರದ ತೊರೆಗಳಲ್ಲಿಯೂ ಟ್ರೌಟ್‌ಗಳು ನೆಲೆಯೂರಿದವು. ಕಾಶ್ಮೀರದ ಲಿಡ್ಡರ್‌ನಂಥ ಅಗಲವಾದ ಹೊಳೆಗಳಿಗೆ 9 ಅಡಿಯ ಕೋಲೇ ಸರಿ. ಅವುಗಳನ್ನು ಸೇರುವ ಮೇಲ್ಕಣಿವೆಯ ಹಳ್ಳಗಳಲ್ಲಿ ಗಿಡ್ಡ ಕೋಲು ಉಪಯುಕ್ತ. ಇಂಥ ನೀರಿನಲ್ಲಿ ಮೀನು ಹಿಡಿಯಲು ಸಂಬಂಧಪಟ್ಟ ಸರ್ಕಾರಿ ಇಲಾಖೆಯ ಪರವಾನಗಿ ಬೇಕು.

ಕರ್ನಾಟಕಕ್ಕೂ ಈ ವಿಷಯದ ಇತಿಹಾಸಕ್ಕೂ ಒಂದು ನಂಟಿದೆ. ಭಾರತದಲ್ಲಿ ಕೋಲುಗಾಳದ ಮೀನುಗಾರಿಕೆಯನ್ನು ಕುರಿತ ಪ್ರಸಿದ್ಧ ಇಂಗ್ಲಿಷ್ ಗ್ರಂಥ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದರ ಕರ್ತೃ ಹೆನ್ರಿ ಸಲಿವನ್ ಥಾಮಸ್ ಮದರಾಸು ಪ್ರಾಂತದ ಅಧಿಕಾರಿಯಾಗಿದ್ದು, ದಕ್ಷಿಣ ಕನ್ನಡದ ಕಲೆಕ್ಟರನಾಗಿ ಕೆಲಸ ಮಾಡಿದವನು. ಆದರೆ ಕಾವೇರಿಯ ಹೆಸರಾಂತ ಮಹಶೀರ್ ಮೀನಿಗೆ ಹಗುರ ಫ್ಲೈ ರಾಡ್ ಸಲ್ಲದು. ಆ ಮೀನು ಬಹಳ ದೊಡ್ಡದಾಗಿ ಬೆಳೆಯುತ್ತದೆ. ಅದರ ಓಟದ ರಭಸವನ್ನು ಇಂಥ ಕೋಲು ತಾಳಲಾರದು. ಕಾವೇರಿಯ ಗೂನುಬೆನ್ನಿನ ಮಹಶೀರ್ ಈಗ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜಾತಿಯೆಂದು ದಾಖಲಾಗಿದೆ.